ಡಬ್ಬಿಯ ಮೇಲಿಂದ ಕೊಂಬೆಗೆ: ಕಾಗದದ ಕ್ರಿಸ್‌ಮಸ್ ಅಲಂಕಾರಗಳು

ಉಡುಗೊರೆಗೆ ಸುತ್ತಿದ ಕಾಗದದ ಆಯಸ್ಸು ಬಿಚ್ಚುವ ಕೈಗಳ ಅವಸರದಷ್ಟೇ. ಅದರ ಮೇಲೆ ಕೂತ ನಕ್ಷತ್ರದ ಆಯಸ್ಸು ಮಾತ್ರ ಅದನ್ನು ಹೇಗೆ ಕೂರಿಸಿದ್ದೇವೆ ಎಂಬುದಕ್ಕೆ ಬಿಟ್ಟದ್ದು. ಅಂಟಿಸಿದ್ದರೆ ಕಾಗದದ ಜೊತೆ ಹರಿದು ಕಸಕ್ಕೆ ಹೋಗುತ್ತದೆ. ದಾರದಲ್ಲಿ ಕಟ್ಟಿದ್ದರೆ, ಬಿಚ್ಚಿದವರು ಅದನ್ನೆತ್ತಿ ಮರದ ಕೊಂಬೆಗೆ ಸಿಕ್ಕಿಸುತ್ತಾರೆ, ಮುಂದಿನ ಡಿಸೆಂಬರ್‌ಗೆ ಮತ್ತೆ ಹೊರತೆಗೆಯುತ್ತಾರೆ. ಆದ್ದರಿಂದ ಕತ್ತರಿ ಹಿಡಿಯುವ ಮೊದಲು ಒಂದು ವಿಷಯ ತೀರ್ಮಾನವಾಗಿರಬೇಕು: ಈ ಅಲಂಕಾರ ಕೂರುವುದೆಲ್ಲಿ?

ಡಬ್ಬಿಯ ಮೇಲಿನದು ಚಪ್ಪಟೆಯಾಗಿರಬೇಕು, ಮೇಲೊಂದು ಡಬ್ಬಿ ಕೂತರೂ ತಾಳಬೇಕು. ಕೊಂಬೆಗೆ ತೂಗುವುದು ಗಾಳಿಗೆ ತಿರುಗುತ್ತಲೇ ಇರುತ್ತದೆ, ಹಾಗಾಗಿ ಅದಕ್ಕೆ ಮುಖ ಮಾತ್ರ ಇರಬೇಕು, ಬೆನ್ನು ಇರಬಾರದು. ಕಿಟಕಿಯದು ಬೆಳಕನ್ನು ಒಳಗೆ ಬಿಡಬೇಕು. ಎಷ್ಟೋ ಚೆಂದದ ಕೆಲಸಗಳು ಕೆಡುವುದು ಕೈ ಒರಟಾಗಿ ಅಲ್ಲ, ಕಿಟಕಿಯ ಕಾಗದವನ್ನು ಡಬ್ಬಿಗೆ, ಡಬ್ಬಿಯ ಕಾಗದವನ್ನು ಮರಕ್ಕೆ ಬಳಸಿ.

ಕಾಗದದ ದಪ್ಪವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ ಎಷ್ಟು ಗ್ರಾಂ ಎಂದು. ಪ್ರಿಂಟರಿಗೆ ಹಾಕುವ ಮಾಮೂಲಿ ಹಾಳೆ 70ರಿಂದ 80. ಹೆಣೆಯುವ, ಹತ್ತಾರು ಬಾರಿ ಮಡಚುವ ಕೆಲಸಕ್ಕೆ 80ರಿಂದ 100 ಸಾಕು. ಚೆಂಡುಗಳಿಗೆ, ತೂಗುವ ಆಕಾರಗಳಿಗೆ 120ರಿಂದ 160. 200 ದಾಟಿದ ಕಾರ್ಡ್‌ಸ್ಟಾಕ್ ಹೆಸರಿನ ಚೀಟಿಗೆ, ಹಿಂಬದಿಯ ಬಿಲ್ಲೆಗೆ ಸರಿ, ಮಡಚಲು ಹೋದರೆ ಮೈಮೇಲೆ ಬಿರುಕು ಬಿಟ್ಟು ಒಳಗಿನ ಬಿಳಿ ಕಾಣಿಸುತ್ತದೆ. ದಪ್ಪ ಕಾಗದ ಅಂದರೆ ಗಟ್ಟಿ ಅಲಂಕಾರ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಗಟ್ಟಿತನ ಬರುವುದು ಮಡಿಕೆಯಿಂದ. ಅಂಗೈ ಮೇಲೆ ಬಳುಕುವ ತೆಳು ಹಾಳೆ ನೆರಿಗೆ ಹಿಡಿದ ಮೇಲೆ ನೆಟ್ಟಗೆ ನಿಲ್ಲುತ್ತದೆ.

ದಪ್ಪಕ್ಕಿಂತ ಹೆಚ್ಚು ತೊಂದರೆ ಕೊಡುವುದು ಎಳೆಯ ದಿಕ್ಕು. ಕಾಗದ ಯಂತ್ರದಲ್ಲಿ ತಯಾರಾಗುವಾಗ ನಾರು ಬೆರೆತ ನೀರು ಓಡುತ್ತಿರುವ ಜಾಲರಿಯ ಮೇಲೆ ಬೀಳುತ್ತದೆ, ನಾರುಗಳಲ್ಲಿ ಹೆಚ್ಚಿನವು ಆ ಓಟದ ದಿಕ್ಕಿಗೇ ಮಲಗುತ್ತವೆ. ಎಳೆಯ ಉದ್ದಕ್ಕೆ ಮಡಚಿದರೆ ಮಡಿಕೆ ಚೂರಿಯ ಅಂಚಿನಂತೆ ಬರುತ್ತದೆ. ಅಡ್ಡಕ್ಕೆ ಮಡಚಿದರೆ ನಾರು ಮುರಿಯಬೇಕಾಗುತ್ತದೆ, ಮಡಿಕೆ ಒರಟಾಗುತ್ತದೆ, ಬಿಟ್ಟರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ದಿಕ್ಕು ತಿಳಿಯುವುದು ಸುಲಭ. ಹಾಳೆಯನ್ನು ಮಡಚದೆ ಸುಮ್ಮನೆ ಬಾಗಿಸಿ ಅಂಗೈಯಿಂದ ಒತ್ತಿ ನೋಡಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಯಾವ ಬಾಗು ಕಡಿಮೆ ಪ್ರತಿರೋಧ ಕೊಡುತ್ತದೋ ಎಳೆ ಆ ಬಾಗಿನ ಗೆರೆಗೆ ಸಮಾನಾಂತರವಾಗಿದೆ. ಅನುಮಾನ ಉಳಿದರೆ ಮೂಲೆಯಿಂದ ಒಂದು ತುಂಡು ಕತ್ತರಿಸಿ ಒಂದು ಬದಿಗೆ ಮಾತ್ರ ನೀರು ಸವರಿ. ತುಂಡು ಕೊಳವೆಯಂತೆ ಸುರುಳಿಯಾಗುತ್ತದೆ, ಕೊಳವೆಯ ಉದ್ದವೇ ಎಳೆಯ ದಿಕ್ಕು. ನಾರು ನೀರು ಕುಡಿದಾಗ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಊದಿಕೊಳ್ಳುತ್ತದೆ, ಅದಕ್ಕೇ ಹೀಗೆ. ಇದೇ ಕಾರಣ ಮುಂದೆ ಅಂಟಿನ ವಿಷಯದಲ್ಲೂ ಬರುತ್ತದೆ.

ಎಲ್ಲ ಕಾಗದದ ನಕ್ಷತ್ರಗಳಲ್ಲಿ ಕಲಿಯಲೇಬೇಕಾದದ್ದು ಫ್ರೋಬೆಲ್ ನಕ್ಷತ್ರ. ಅದಕ್ಕೆ ಹೆಸರು ಕೊಟ್ಟ ಫ್ರೀಡ್ರಿಕ್ ಫ್ರೋಬೆಲ್ (1782–1852) ಕಿಂಡರ್‌ಗಾರ್ಟನ್ ಎಂಬ ಪದವನ್ನೂ ಪದ್ಧತಿಯನ್ನೂ ಕೊಟ್ಟ ಜರ್ಮನ್ ಶಿಕ್ಷಣತಜ್ಞ. ಮಡಚುವುದು, ಹೆಣೆಯುವುದು ಆ ಪದ್ಧತಿಯಲ್ಲಿ ಪಾಠದ ಭಾಗವೇ ಆಗಿದ್ದವು. ಈ ನಕ್ಷತ್ರಕ್ಕೆ ಅಂಟು ಬೇಡ, ದಾರ ಬೇಡ. ನಾಲ್ಕು ಪಟ್ಟಿ ಇದ್ದರೆ 16 ಮೊನೆಗಳು.

ಪಟ್ಟಿಯ ಉದ್ದ ಅಗಲದ 30 ಪಟ್ಟು ಇರಬೇಕು. ಎ4 ಹಾಳೆಯ ಉದ್ದ 29.7 ಸೆಂ.ಮೀ., ಅದರಿಂದ 1 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿದರೆ ಲೆಕ್ಕ ತಾನಾಗಿ ಸರಿಹೋಗುತ್ತದೆ. ನಕ್ಷತ್ರದ ಅಗಲ ಪಟ್ಟಿಯ ಅಗಲದ ನಾಲ್ಕು ಪಟ್ಟು, ಅಂದರೆ ಇಲ್ಲಿ 4 ಸೆಂ.ಮೀ. ಆದರೆ ಮೊದಲ ಸಲ ಮಾಡುವವರು 1.5 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದದ ಪಟ್ಟಿಯಿಂದ ಶುರು ಮಾಡುವುದು ಒಳ್ಳೆಯದು, ಬೆರಳಿಗೆ ಜಾಗ ಸಿಗುತ್ತದೆ.

ನಾಲ್ಕೂ ಪಟ್ಟಿಗಳನ್ನು ಅರ್ಧಕ್ಕೆ ಮಡಚಿ, ತುದಿಗಳನ್ನು ಓರೆಯಾಗಿ ಕತ್ತರಿಸಿ. ಈಗ ಪ್ರತಿಯೊಂದೂ ಎರಡು ಬಾಲವಿರುವ ಒಂದು ಕುಣಿಕೆ. ಒಂದರ ಬಾಲಗಳು ಮುಂದಿನದರ ಕುಣಿಕೆಯೊಳಗೆ, ಅದರದು ಮತ್ತೊಂದರೊಳಗೆ, ಕೊನೆಯದರ ಬಾಲಗಳು ಮೊದಲನೆಯದರ ಕುಣಿಕೆಯೊಳಗೆ. ನಾಲ್ಕು ಕಡೆಯಿಂದಲೂ ಸಮನಾಗಿ ಎಳೆದಾಗ ನಡುವೆ ಚಾಪೆಯಂಥ ಚೌಕ ಕೂರುತ್ತದೆ, ಪ್ರತಿ ಬದಿಯಿಂದ ಎರಡೆರಡು ಬಾಲ ಹೊರಗಿರುತ್ತವೆ. ಪ್ರತಿ ಜೋಡಿಯ ಮೇಲಿನ ಬಾಲವನ್ನು ಚೌಕದ ಮೇಲೆ ಒಂದೇ ಸುತ್ತಿಗೆ ಮಡಚುತ್ತ ಹೋಗಿ, ನಾಲ್ಕನೆಯದನ್ನು ಮೊದಲನೆಯದರ ಅಡಿ ತೂರಿಸಿ. ಈಗ ಎರಡೂ ಮುಖದಲ್ಲಿ ಹೆಣಿಗೆ ಬಂತು.

ಆಮೇಲೆ ಚಪ್ಪಟೆ ಮೊನೆಗಳು. ಒಂದು ಬಾಲವನ್ನು ಹಿಂದಕ್ಕೆ ಓರೆಯಾಗಿ 45 ಡಿಗ್ರಿಗೆ ಮಡಚಿ, ಮತ್ತೆ ಕೆಳಗೆ 45 ಡಿಗ್ರಿಗೆ ಮಡಚಿದರೆ ತ್ರಿಕೋನದ ಮೊನೆ ಕಾಣುತ್ತದೆ. ಆ ತ್ರಿಕೋನವನ್ನು ನಡುವಿಗೆ ಮಡಚಿ ಬಾಲವನ್ನು ಪಕ್ಕದ ಚಿಕ್ಕ ಚೌಕದ ಅಡಿ ತೂರಿಸಿ ಎಳೆಯಿರಿ. ಮುಂದೆ ನಾಲ್ಕು, ತಿರುಗಿಸಿ ಹಿಂದೆ ನಾಲ್ಕು. ಇಲ್ಲಿಗೆ ನಿಲ್ಲಿಸಿ ಬಾಲ ಕತ್ತರಿಸಿದರೆ ಡಬ್ಬಿಗೆ ಹೇಳಿ ಮಾಡಿಸಿದ ಎಂಟು ಮೊನೆಯ ಚಪ್ಪಟೆ ನಕ್ಷತ್ರ ಸಿಕ್ಕಿತು. ಮರಕ್ಕಾದರೆ ಮುಂದುವರಿಯಬೇಕು.

ಎದ್ದು ನಿಲ್ಲುವ ಎಂಟು ಮೊನೆಗಳೇ ಎಲ್ಲರನ್ನೂ ಸುಸ್ತು ಮಾಡುವುದು. ನಡುವಿನ ಚೌಕದಿಂದ ಎದ್ದಿರುವ ಬಾಲವನ್ನು ಮಡಚದೆ ಒಂದು ಸುತ್ತು ಸುರುಳಿ ಕೊಟ್ಟು, ಅದರ ತುದಿಯನ್ನು ಪಕ್ಕದ ಚೌಕದ ಅಡಿಯ ಸಂದಿಗೆ ತಳ್ಳಿದರೆ ಅದು ಚಪ್ಪಟೆ ಮೊನೆಯೊಂದರ ತುದಿಯಿಂದ ಹೊರಗೆ ಇಣುಕುತ್ತದೆ. ಹಿಡಿದು ನಿಧಾನವಾಗಿ ಎಳೆದಾಗ ಸುರುಳಿ ಬಿಗಿಯಾಗಿ ಶಂಕುವಾಗುತ್ತದೆ. ತುದಿ ಹೊರಗೆ ಬರದಿದ್ದರೆ ಕಾರಣ ಮೂರರಲ್ಲಿ ಒಂದು: ತಪ್ಪು ಸಂದಿಗೆ ತಳ್ಳಿದ್ದೀರಿ, ಚಪ್ಪಟೆ ಮೊನೆಯನ್ನು ಉಗುರಿನಿಂದ ಒತ್ತಿ ಒಳದಾರಿ ಮುಚ್ಚಿದ್ದೀರಿ, ಇಲ್ಲವೇ ಕಾಗದ ದಪ್ಪವಾಯಿತು. 120 ಜಿಎಸ್‌ಎಂ ಮೇಲಿನ ಹಾಳೆಯಲ್ಲಿ ಇದನ್ನು ಮಾಡುವುದು ಹಠಕ್ಕೆ ಮಾತ್ರ. ಶಂಕುವನ್ನು ಪೂರ್ತಿ ಎಳೆಯಲೂ ಬಾರದು. ಅಂಚು ಅಂಚಿಗೆ ಮುಟ್ಟಿದಾಗ ಕೈ ನಿಲ್ಲಬೇಕು, ಇನ್ನೊಂದು ಎಳೆತಕ್ಕೆ ಮೊನೆ ಸೊಟ್ಟಗಾಗುತ್ತದೆ. ಪಟ್ಟಿಗಳ ಅಗಲದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವಿದ್ದರೂ ಹೆಣಿಗೆ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ. ಹಾಗಾಗಿ ಇಲ್ಲಿ ಕತ್ತರಿ ಬೇಡ, ಉಕ್ಕಿನ ಸ್ಕೇಲ್ ಮತ್ತು ಹೊಸ ಬ್ಲೇಡಿನ ಕಟ್ಟರ್ ಬೇಕು. ಮೊಂಡು ಬ್ಲೇಡ್ ಕಾಗದವನ್ನು ಕತ್ತರಿಸುವುದಿಲ್ಲ, ಎಳೆದುಕೊಂಡು ಹೋಗುತ್ತದೆ.

ಡೆನ್ಮಾರ್ಕಿನ ಹೆಣೆದ ಹೃದಯ ಇದಕ್ಕಿಂತ ಸುಲಭ, ನೋಡಿದವರಿಗೆ ಮಾತ್ರ ಹಾಗೆ ಅನ್ನಿಸುವುದಿಲ್ಲ. ಈಗ ತಿಳಿದಿರುವ ಅತಿ ಹಳೆಯ ಮಾದರಿ 1860ರಲ್ಲಿ ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ ಮಾಡಿದ್ದು. ಎರಡು ಬಣ್ಣದ ಎರಡು ತುಂಡು ಕಾಗದ, ಪ್ರತಿಯೊಂದೂ 6 ಸೆಂ.ಮೀ. ಅಗಲ, 18 ಸೆಂ.ಮೀ. ಉದ್ದ. ಉದ್ದವನ್ನು ಅರ್ಧಕ್ಕೆ ಮಡಚಿದರೆ 9 ಸೆಂ.ಮೀ. ಮಡಿಕೆ ಇಲ್ಲದ ತುದಿಯನ್ನು ಅರ್ಧವೃತ್ತವಾಗಿ ಕತ್ತರಿಸಿ. ಮಡಿಕೆಯ ಕಡೆಯಿಂದ 2 ಸೆಂ.ಮೀ. ಅಂತರದಲ್ಲಿ ಎರಡು ಸೀಳು, ಮೂರು ಪಟ್ಟಿ. ಸೀಳಿನ ಉದ್ದ 6 ಅಲ್ಲ, 6.4 ಸೆಂ.ಮೀ. ಈ 4 ಮಿಲಿಮೀಟರ್‌ನಲ್ಲೇ ಎಲ್ಲ ಇದೆ. ಸರಿಯಾಗಿ 6 ಸೀಳಿದವರ ಹೃದಯದಲ್ಲಿ ಕೊನೆಯ ಸಾಲು ಒಳಗೆ ಹೋಗುವುದೇ ಇಲ್ಲ, ಬಲವಂತ ಮಾಡಿದರೆ ಸೀಳಿನ ಬುಡದಲ್ಲಿ ಹರಿಯುತ್ತದೆ.

ಹೆಣೆಯುವ ರೀತಿ ಚಾಪೆಯದಲ್ಲ. ಚಾಪೆಯಲ್ಲಿ ಪಟ್ಟಿ ಇನ್ನೊಂದರ ಮೇಲೆ ಕೆಳಗೆ ಹೋಗುತ್ತದೆ. ಇಲ್ಲಿ ಪ್ರತಿ ಪಟ್ಟಿಯೂ ಎರಡು ಪದರದ ಕುಣಿಕೆ, ಅದು ಎದುರಿನ ಕುಣಿಕೆಯ ಒಳಗೆ ಹೋಗುತ್ತದೆ, ಮುಂದಿನದನ್ನು ತನ್ನೊಳಗೆ ತೆಗೆದುಕೊಳ್ಳುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಎರಡನೆಯ ಸಾಲು ಇದಕ್ಕೆ ತಿರುವುಮುರುವು. ಮೂರನೆಯದು ಮೊದಲಿನಂತೆ. ಎಲ್ಲಾದರೂ ಒಮ್ಮೆ ಮರೆತು ಮೇಲೆ ಕೆಳಗೆ ಹಾಯಿಸಿದರೆ ಹೃದಯ ನೋಡಲು ಸರಿಯಾಗೇ ಇರುತ್ತದೆ, ಚೀಲದಂತೆ ಬಾಯಿ ತೆರೆಯುವುದಿಲ್ಲ ಅಷ್ಟೆ. ತೆರೆದರೆ ಅದರೊಳಗೆ ಒಂದು ಚೀಟಿ, ಒಂದು ಪುಟ್ಟ ಉಡುಗೊರೆ ಹಿಡಿಸುತ್ತದೆ. 1.5 ಸೆಂ.ಮೀ. ಅಗಲದ ಪಟ್ಟಿಯನ್ನು ಹಿಡಿಯಾಗಿ ಒಳಗಿನಿಂದ ಅಂಟಿಸಬಹುದು. ನುಣುಪು ಮೈಯ ಕಾಗದವೇ ಇದಕ್ಕೆ ಬೇಕು. ಒರಟು ಕ್ರಾಫ್ಟ್ ಪೇಪರ್ ಕುಣಿಕೆಯೊಳಗೆ ಜಾರದೆ ತಡೆಯುತ್ತದೆ.

ಪಟ್ಟಿಯನ್ನು ಬೀಸಣಿಗೆಯಂತೆ ಮಡಚಿ, ತುದಿ ಸೇರಿಸಿ ಡಬ್ಬಿಗೆ ಎಲ್ಲರೂ ಮಾಡುವ ನೆರಿಗೆಯ ಚಕ್ರದಲ್ಲಿ ಸಣ್ಣ ಗಣಿತವಿದೆ, ಅದು ಗೊತ್ತಿಲ್ಲದೆ ಎಷ್ಟೋ ಜನ ಅರ್ಧದಲ್ಲಿ ಬಿಡುತ್ತಾರೆ. ಪಟ್ಟಿಯ ಅಗಲವೇ ಚಕ್ರದ ತ್ರಿಜ್ಯ. ಸುತ್ತಳತೆ ತ್ರಿಜ್ಯದ 6.28 ಪಟ್ಟು. ಪಟ್ಟಿಯ ಉದ್ದ ಅದಕ್ಕಿಂತ ಕಡಿಮೆಯಿದ್ದರೆ ನೆರಿಗೆಯನ್ನು ಪೂರ್ತಿ ಬಿಚ್ಚಿದರೂ ಚಕ್ರ ಮುಚ್ಚುವುದಿಲ್ಲ. ಅಷ್ಟೇ ಇದ್ದರೆ ಮುಚ್ಚುತ್ತದೆ, ನೆರಿಗೆ ಇರುವುದಿಲ್ಲ. ಎಂಟರಿಂದ ಒಂಬತ್ತು ಪಟ್ಟು ಚೆನ್ನ. ಎ4 ಹಾಳೆಯನ್ನು ಉದ್ದಕ್ಕೆ 7 ಸೆಂ.ಮೀ. ಅಗಲದ ಮೂರು ಪಟ್ಟಿ ಮಾಡಿ ಎರಡನ್ನು ಜೋಡಿಸಿದರೆ 59.4 ಸೆಂ.ಮೀ., ಅಂದರೆ ಎಂಟೂವರೆ ಪಟ್ಟು. 1 ಸೆಂ.ಮೀ.ಗೊಂದು ಮಡಿಕೆ ಹಾಕಿದರೆ ಅಂಚಿನಲ್ಲಿ ನೆರಿಗೆ ಸುಮಾರು 7 ಮಿಲಿಮೀಟರ್ ಎತ್ತರ ನಿಲ್ಲುತ್ತದೆ. ಅದೇ ಉದ್ದಕ್ಕೆ ಅಗಲ 5 ಸೆಂ.ಮೀ. ಮಾಡಿದರೆ ಹನ್ನೆರಡು ಪಟ್ಟು ಹತ್ತಿರ, ನೆರಿಗೆ ದಟ್ಟ, ಎತ್ತರ ಎಂಟೂವರೆ ಮಿಲಿಮೀಟರ್. ತೂಗಲು ಅದು ಚೆಂದ, ಡಬ್ಬಿಗೆ ಮೊದಲನೆಯದೇ ವಾಸಿ.

ಇಲ್ಲೇ ಎಳೆಯ ದಿಕ್ಕು ಕೈ ಕೊಡುವುದು. ಎ4 ಹಾಳೆಗಳಲ್ಲಿ ಎಳೆ ಹೆಚ್ಚಾಗಿ ಉದ್ದಕ್ಕೇ ಇರುತ್ತದೆ, ನೆರಿಗೆಯ ಮಡಿಕೆಗಳು ಅದಕ್ಕೆ ಅಡ್ಡ ಬೀಳುತ್ತವೆ. 80 ಜಿಎಸ್‌ಎಂನಲ್ಲಿ ನಡೆಯುತ್ತದೆ. 160ರಲ್ಲಿ ಪ್ರತಿ ಮಡಿಕೆಯೂ ಸಿಡಿಯುತ್ತದೆ. ದಪ್ಪ ಹಾಳೆಯಾದರೆ ಪಟ್ಟಿಯನ್ನು ಅಡ್ಡಕ್ಕೆ, 21 ಸೆಂ.ಮೀ. ಉದ್ದಕ್ಕೆ ಕತ್ತರಿಸಿ ಮೂರನ್ನು ಜೋಡಿಸಿ. ಒಂದು ಜೋಡಣೆ ಹೆಚ್ಚಾಗುತ್ತದೆ, ಮಡಿಕೆಗಳೆಲ್ಲ ನೆಟ್ಟಗೆ ಬರುತ್ತವೆ. ಜೋಡಣೆಯನ್ನು ಯಾವಾಗಲೂ ಕಣಿವೆ ಮಡಿಕೆಯಲ್ಲಿ ಬಚ್ಚಿಡಬೇಕು. ಶಿಖರದಲ್ಲಿ ಬಂದರೆ ಅಲ್ಲಿ ಕಾಗದ ಎರಡು ಪದರವಾಗಿ ಚಕ್ರದ ಒಂದು ಹಲ್ಲು ದಪ್ಪವಾಗಿ ಕಾಣುತ್ತದೆ.

ಮಡಿಕೆ ಹಾಕುವ ಮೊದಲು ಗೀರುವುದನ್ನು ತಪ್ಪಿಸಬೇಡಿ. ಶಾಯಿ ಮುಗಿದ ಬಾಲ್‌ಪೆನ್ನು ಸಾಕು. ಗೀರಿದ ತಗ್ಗು ಮಡಿಕೆಯ ಹೊರಬದಿಗೆ ಬರಬೇಕು, ಹಿಂದೆ ಉಬ್ಬಿದ ಗೆರೆ ಒಳಬದಿಗೆ. ತಗ್ಗಿನೊಳಕ್ಕೆ ಮಡಚಬೇಕು ಅನ್ನಿಸುವುದು ಸಹಜ, ಆದರೆ ಹಾಗೆ ಮಾಡಿದರೆ ದಪ್ಪ ಕಾಗದದ ಹೊರಮೈ ಹೆಚ್ಚು ಹಿಗ್ಗಬೇಕಾಗಿ ಸೀಳುತ್ತದೆ.

ಚಕ್ರ ನಡುವಿನಲ್ಲಿ ಚಿಮ್ಮಿ ಏಳುವುದು ಎಲ್ಲರ ದೂರು. ಅದು ನಿಮ್ಮ ತಪ್ಪಲ್ಲ. 60 ಮಡಿಕೆಗಳು ಒಂದು ಬಿಂದುವಿನಲ್ಲಿ ಸೇರಬೇಕು, ಪ್ರತಿಯೊಂದಕ್ಕೂ ದಪ್ಪವಿದೆ. 80 ಜಿಎಸ್‌ಎಂ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್, ಅಂದರೆ ನಡುವೆ 6 ಮಿಲಿಮೀಟರ್ ಸುತ್ತಳತೆಗಿಂತ ಕಡಿಮೆಗೆ ಅದು ಮುಚ್ಚಲಾರದು, 2 ಮಿಲಿಮೀಟರ್ ಅಗಲದ ತೂತು ಉಳಿದೇ ಉಳಿಯುತ್ತದೆ. ಅದಕ್ಕೇ ಹಿಂದೆ ಮುಂದೆ 3ರಿಂದ 4 ಸೆಂ.ಮೀ. ಅಗಲದ ಬಿಲ್ಲೆಗಳು ಬೇಕು. ಹಿಂದಿನ ಬಿಲ್ಲೆಯ ಮೇಲೆ ಗ್ಲೂ ಗನ್ನಿನಿಂದ ನಾಣ್ಯದಗಲ ಅಂಟು ಹಾಕಿ, ಚಕ್ರವನ್ನು ಎರಡೂ ಕೈಯಿಂದ ನಡುವಿಗೆ ಒತ್ತಿ ಕೂರಿಸಿ, ಅಂಟು ಆರುವವರೆಗೆ ಬಾಟಲಿಯ ತಳದಿಂದ ಅದುಮಿ ಹಿಡಿಯಿರಿ. ಬೆರಳಿನಿಂದ ಒತ್ತುವವರಿಗೆ ಬಿಸಿ ಅಂಟು ಒಂದೇ ಸಲಕ್ಕೆ ಪಾಠ ಕಲಿಸುತ್ತದೆ.

ಅಂಟು ಎಂದಾಗ: ಬಿಳಿ ಅಂಟಿನಲ್ಲಿ ನೀರಿದೆ. ಕಾಗದದ ಮೇಲೆ ದಪ್ಪಗೆ ಹರಡಿದರೆ ನಾರು ಊದಿಕೊಂಡು ಹಾಳೆ ಅಲೆಅಲೆಯಾಗುತ್ತದೆ, ಒಣಗಿದ ಮೇಲೂ ಆ ಅಲೆ ಪೂರ್ತಿ ಹೋಗುವುದಿಲ್ಲ. ಹಳೆಯ ಕಾರ್ಡಿನ ತುಂಡಿನಿಂದ ಬಳಿದು, ಮತ್ತೆ ಅದೇ ತುಂಡಿನಿಂದ ಬಳಿದದ್ದನ್ನು ಕೆರೆದು ತೆಗೆದರೆ ಉಳಿಯುವಷ್ಟೇ ಸಾಕು. ಅಗಲವಾದ ಮೈಗೆ ಗ್ಲೂ ಸ್ಟಿಕ್, ಎಳೆತ ಬೀಳುವ ಕಡೆಗೆ ಬಿಳಿ ಅಂಟು, ಡಬ್ಬಿಯ ಮೇಲೆ ನೆಟ್ಟಗೆ ಹಿಡಿಯಬೇಕಾದ ಕಡೆಗೆ ಎರಡು ಬದಿಯ ಟೇಪ್.

ಮರಕ್ಕೆ ಚೆಂಡು ಬೇಕೆಂದರೆ 20 ವೃತ್ತಗಳ ಚೆಂಡಿಗೆ ಸಾಟಿಯಿಲ್ಲ. 5 ಸೆಂ.ಮೀ. ವ್ಯಾಸದ 20 ವೃತ್ತ, 120ರಿಂದ 160 ಜಿಎಸ್‌ಎಂ. ಪ್ರತಿ ವೃತ್ತದೊಳಗೆ ಸಮಬಾಹು ತ್ರಿಕೋನ ಬರುವಂತೆ ಮೂರು ಅಂಚು ಮಡಚಬೇಕು. ಒಂದೊಂದನ್ನೂ ಅಳೆಯುತ್ತ ಕೂರಬೇಡಿ. 4.33 ಸೆಂ.ಮೀ. ಬಾಹುವಿನ ತ್ರಿಕೋನವೊಂದನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿಕೊಂಡು, ವೃತ್ತದ ಮೇಲಿಟ್ಟು ಮೂರು ಕಡೆ ಗೀರಿದರೆ ಮುಗಿಯಿತು. ಮಡಚಿದ ರೆಕ್ಕೆಗಳು ಹೊರಮುಖವಾಗಿರಲಿ. ಐದನ್ನು ರೆಕ್ಕೆಗೆ ರೆಕ್ಕೆ ಅಂಟಿಸಿದರೆ ಟೋಪಿ, ಇನ್ನೈದು ಇನ್ನೊಂದು ಟೋಪಿ. ಉಳಿದ ಹತ್ತನ್ನು ಒಂದು ಮೇಲೆ, ಒಂದು ಕೆಳಗೆ ತಿರುಗಿಸುತ್ತ ಸಾಲಾಗಿ ಅಂಟಿಸಿ ಬಳೆ ಮಾಡಿ. ಬಳೆಗೆ ಎರಡೂ ಟೋಪಿ ಕೂರಿಸಿ. ಮುಗಿದ ಚೆಂಡು ರೆಕ್ಕೆ ಸೇರಿ ಒಂಬತ್ತೂವರೆ ಸೆಂ.ಮೀ. ಬರುತ್ತದೆ. ತೂಗುವ ದಾರವನ್ನು ಮೇಲಿನ ಟೋಪಿ ಅಂಟಿಸುವ ಮೊದಲೇ ಒಳಗಿನಿಂದ ಗಂಟು ಹಾಕಿ ತೂರಿಸಿರಬೇಕು. ಇದನ್ನು ಮರೆಯದವರು ಯಾರೂ ಇಲ್ಲ. ತ್ರಿಕೋನದಲ್ಲಿ ಒಂದೊಂದು ಮಿಲಿಮೀಟರ್ ತಪ್ಪಿದರೂ ಅದು ಕೂಡುತ್ತ ಹೋಗಿ, ಬಳೆ ಮುಚ್ಚುವಾಗ ಹತ್ತನೆಯ ವೃತ್ತಕ್ಕೆ ಜಾಗ ಸಾಲದು, ಇಲ್ಲವೇ ಹೆಚ್ಚು.

ಪಟ್ಟಿಗಳ ಚೆಂಡು ಇನ್ನೂ ಹಗುರ. 1.5 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಹನ್ನೆರಡು ಪಟ್ಟಿ, ತುದಿಯಿಂದ 5 ಮಿಲಿಮೀಟರ್ ಬಿಟ್ಟು ಎರಡೂ ಕಡೆ ತೂತು. ದಾರದಲ್ಲಿ ಪೋಣಿಸಿ ಬಾಗಿಸಿ ಬಿಡಿಸಿದರೆ ಸುಮಾರು 9 ಸೆಂ.ಮೀ. ಗೋಳ. ಎಳೆ ಪಟ್ಟಿಗೆ ಅಡ್ಡವಾಗಿದ್ದರೆ ಬಿಲ್ಲಿನಂತೆ ಬಾಗುತ್ತದೆ, ಉದ್ದಕ್ಕಿದ್ದರೆ ಎಲ್ಲೋ ಒಂದು ಕಡೆ ಮುರಿದು ಕೋನವಾಗುತ್ತದೆ.

ಹಿಮದ ಹರಳಿಗೆ ಆರು ಮೂಲೆ. ಏಕೆ ಐದಲ್ಲ, ಏಳಲ್ಲ ಎಂದು ಖಗೋಳಜ್ಞ ಕೆಪ್ಲರ್ 1611ರಲ್ಲೇ ತಲೆ ಕೆಡಿಸಿಕೊಂಡಿದ್ದ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಷಟ್ಕೋನದ ಜಾಲವಾಗಿ ಕೂರುತ್ತವೆ ಎಂಬುದು ತಿಳಿದದ್ದು ಬಹಳ ತಡವಾಗಿ. ಕತ್ತರಿಗೆ ಮಾತ್ರ ಇನ್ನೂ ತಿಳಿದಿಲ್ಲ, ಅಂಗಡಿಯ ಕಾಗದದ ಹಿಮಹರಳುಗಳಲ್ಲಿ ಎಂಟು ಮೂಲೆಯವು ಬೇಕಾದಷ್ಟಿವೆ. ಚೌಕವನ್ನು ಅರ್ಧ, ಮತ್ತರ್ಧ, ಮತ್ತರ್ಧ ಮಡಚುವುದು ಸುಲಭ, ಅದೇ ಕಾರಣ. ಆರು ಬೇಕಾದರೆ ಚೌಕವನ್ನು ಕರ್ಣಕ್ಕೆ ಮಡಚಿ, ಬಂದ ತ್ರಿಕೋನದ ಉದ್ದ ಬದಿಯ ನಡುಬಿಂದುವಿನಿಂದ 60 ಡಿಗ್ರಿಗೊಂದರಂತೆ ಮೂರು ಪಾಲು ಮಾಡಬೇಕು. ಮತ್ತೊಮ್ಮೆ ಅರ್ಧ ಮಾಡಿದರೆ 12 ಪದರ. 80 ಜಿಎಸ್‌ಎಂನಲ್ಲಿ ಅದು ಒಂದು ಮಿಲಿಮೀಟರಿಗೂ ದಪ್ಪ. ಕತ್ತರಿ ಬಾಯಲ್ಲಿ ಪದರಗಳು ಜಾರಿ ಹೊರಗಿನ ಎಸಳು ದೊಡ್ಡದು, ಒಳಗಿನದು ಚಿಕ್ಕದು ಆಗುತ್ತದೆ. 60 ಜಿಎಸ್‌ಎಂ ಅಥವಾ ಅದಕ್ಕೂ ತೆಳು ಹಾಳೆ ತೆಗೆದುಕೊಳ್ಳಿ. ಬಾಗು ಕತ್ತರಿಸುವಾಗ ಕತ್ತರಿ ಹಿಡಿದ ಕೈ ಅಲುಗಬಾರದು, ತಿರುಗಬೇಕಾದದ್ದು ಕಾಗದ ಹಿಡಿದ ಕೈ. ಒಳಗಿನ ಸಣ್ಣ ತೂತುಗಳನ್ನು ಮೊದಲು ಕತ್ತರಿಸಿ, ಹೊರ ಅಂಚನ್ನು ಕೊನೆಗೆ. ಮೊದಲೇ ಅಂಚು ತೆಗೆದರೆ ಹಿಡಿದುಕೊಳ್ಳಲು ಕಾಗದವೇ ಉಳಿದಿರುವುದಿಲ್ಲ.

ಹೆರ್ನ್‌ಹುಟ್ ನಕ್ಷತ್ರ ಬೇರೆಯೇ ಒಂದು ಜಾತಿ. ಜರ್ಮನಿಯಲ್ಲಿ ಮೊರೇವಿಯನ್ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಪಂಥದ ಶಾಲೆಗಳಲ್ಲಿ 19ನೇ ಶತಮಾನದಲ್ಲಿ ರೇಖಾಗಣಿತದ ಪಾಠವಾಗಿ ಹುಟ್ಟಿದ್ದು. ನಡುವಿನ ಘನಾಕೃತಿಗೆ 26 ಮುಖ, 18 ಚೌಕ, 8 ತ್ರಿಕೋನ. ತೂಗಲು ಮೇಲಿನ ಒಂದು ಚೌಕ ಬಿಟ್ಟು ಉಳಿದ 25ಕ್ಕೆ ಮೊನೆ. ಸಂಜೆಯೊಂದರ ಕೆಲಸ ಇದಲ್ಲ. ಒಳಗೆ ದೀಪ ಇಡುವುದಾದರೆ ಎಲ್‌ಇಡಿ ಮಾತ್ರ, ಹಳೆಯ ತಂತಿ ಬಲ್ಬು ಕಾಗದದ ಹತ್ತಿರ ಬೇಡ, ಮೇಣದಬತ್ತಿಯ ಮಾತೇ ಬೇಡ.

ಇನ್ನು ಡಬ್ಬಿಗೆ ಕೂರಿಸುವುದು. ಸುತ್ತುವ ಕಾಗದಕ್ಕೆ ತುಂಬಾ ಚಿತ್ರವಿದ್ದರೆ ಅಲಂಕಾರ ಅದರಲ್ಲಿ ಕರಗಿಹೋಗುತ್ತದೆ. ಕಂದು ಕ್ರಾಫ್ಟ್ ಕಾಗದದ ಮೇಲೆ ಬಿಳಿ ಹಿಮಹರಳು, ಕಡುಹಸಿರಿನ ಮೇಲೆ ಕೆಂಪು ಬಿಳಿ ಹೃದಯ, ಅಷ್ಟು ಸಾಕು. ಮಿನುಗುಪುಡಿ ಬಳಸದಿರುವುದಕ್ಕೆ ಒಂದಲ್ಲ ಎರಡು ಕಾರಣ: ಅದು ಮನೆಯ ಮೂಲೆಮೂಲೆಗೂ ಹೋಗುತ್ತದೆ, ಕಾಗದ ಮರುಬಳಕೆಗೆ ಹೋಗುವುದಿಲ್ಲ. ಕಾಗದವನ್ನು ಮುದ್ದೆ ಮಾಡಿ ಬಿಟ್ಟಾಗ ಮುದ್ದೆಯಾಗೇ ಉಳಿದರೆ ಮರುಬಳಕೆಗೆ ಆದೀತು, ತಾನಾಗಿ ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಪೊರೆಯಿದೆ ಎಂದು ತಿಳಿಯಬಹುದು.

ಡಬ್ಬಿಯ ಸುತ್ತ ದಾರವನ್ನು ಅಡ್ಡ ಉದ್ದ ಹಾಯಿಸಿ ಗಂಟು ಹಾಕಿದ ಮೇಲೆ ಉಳಿದ ಎರಡು ತುದಿಗಳನ್ನು ಅಲಂಕಾರದ ಕುಣಿಕೆಯೊಳಗೆ ತೂರಿಸಿ ಹೂಗಂಟು ಹಾಕಿ. ಎಳೆದರೆ ಬಿಚ್ಚಬೇಕು. ಗಂಟನ್ನು ಡಬ್ಬಿಯ ನಟ್ಟನಡುವೆ ಹಾಕುವ ಬದಲು ಒಂದು ಮೂಲೆಯ ಕಡೆಗೆ ಸರಿಸಿದರೆ, ಮೇಲೆ ಇನ್ನೊಂದು ಡಬ್ಬಿ ಇಟ್ಟಾಗಲೂ ಅಲಂಕಾರ ಉಳಿಯುತ್ತದೆ. ಅಂಚೆಗೆ ಹೋಗುವ ಡಬ್ಬಿಯಾದರೆ ಚೆಂಡು ಬೇಡವೇ ಬೇಡ. ಹೃದಯ, ಚಪ್ಪಟೆ ನಕ್ಷತ್ರ, ಹಿಮಹರಳು ಮಾತ್ರ.

ಕುಣಿಕೆಯ ದಾರ 20 ಸೆಂ.ಮೀ. ಕತ್ತರಿಸಿ, ಗಂಟು ಹಾಕಿದ ಮೇಲೆ 8ರಿಂದ 9 ಸೆಂ.ಮೀ. ತೂಗುತ್ತದೆ. ಅದಕ್ಕಿಂತ ಚಿಕ್ಕದಾದರೆ ಕೊಂಬೆಯ ಎಲೆಗಳು ಮೊನೆಗಳನ್ನು ತಳ್ಳುತ್ತವೆ. ಹಬ್ಬ ಕಳೆದ ಮೇಲೆ ಹೃದಯಗಳನ್ನು, ಹರಳುಗಳನ್ನು ಪುಸ್ತಕದೊಳಗೆ ಚಪ್ಪಟೆಯಾಗಿ ಇಡಿ. ಪಟ್ಟಿಗಳ ಚೆಂಡನ್ನು ಮತ್ತೆ ಒಂದರ ಮೇಲೊಂದು ಸರಿಸಿದರೆ ಅದು ಒಂದೇ ಬಿಲ್ಲಾಗಿ ಮಡಚಿಕೊಳ್ಳುತ್ತದೆ. ಫ್ರೋಬೆಲ್ ನಕ್ಷತ್ರಗಳಿಗೆ ರಟ್ಟಿನ ಮೊಟ್ಟೆ ತಟ್ಟೆಯ ಗುಳಿಗಳು ಅಳತೆ ಕೊಟ್ಟು ಮಾಡಿಸಿದಂತಿವೆ, ಗುಳಿಗೊಂದು. ದಾರಗಳನ್ನು ಸುತ್ತಿ ಒಳಗೆ ಹಾಕಿ, ಇಲ್ಲದಿದ್ದರೆ ಮುಂದಿನ ವರ್ಷ ಮೊದಲ ಅರ್ಧ ಗಂಟೆ ಸಿಕ್ಕು ಬಿಡಿಸುವುದಕ್ಕೇ.